ಎತ್ತಿಗೆ ಜ್ವರ, ಡ್ರೈಯರ್‌ಗೆ ಬರೆ

ಆಮದು ಮಾಲಿನ ಮೇಲೆ ಸುಂಕ ಜಡಿದಾಗೆಲ್ಲ ಯಾವ ದೇಶದ ಸರ್ಕಾರನಾದ್ರೂ ಹೊಡೆಯೋದು ಒಂದೇ ಡೈಲಾಗ್, "ದುಡ್ಡು ಕಟ್ಟೋದು ಫಾರಿನ್‌ನೋರು, ನಿಮಗ್ಯಾಕೆ ಚಿಂತೆ?" ಫಾರಿನ್‌ನೋನು ಅವನ ಪಾಡಿಗೆ ಅಲ್ಲೇ ಕೂತಿರ್ತಾನೆ, ಬಂದರಲ್ಲಿ ಸುಂಕ ಕಟ್ಟಿ ಮಾಲು ಬಿಡಿಸ್ಕೊಳ್ಳೋನು ಇಲ್ಲಿನ ಇಂಪೋರ್ಟರ್ರು, ಅವನೇನು ಧರ್ಮಛತ್ರ ಇಟ್ಕೊಂಡಿದಾನಾ, ಹೋಲ್‌ಸೇಲ್‌ನೋನಿಗೆ ದಾಟಿಸ್ತಾನೆ, ಅವನು ಅಂಗಡಿಯೋನಿಗೆ, ಅಂಗಡಿಯೋನು ನಿಮ್ಮ ಬಿಲ್ಲಿಗೆ. ನೀವು ಯಾರಿಗೆ ದಾಟಿಸ್ತೀರಾ ಹೇಳಿ?

ಅಮೆರಿಕದ ವಾಷಿಂಗ್ ಮಷೀನ್ ಪುರಾಣ ಕೇಳಿ. 2018ರಲ್ಲಿ ಟ್ರಂಪ್ ಸರ್ಕಾರ ಹೊರಗಿಂದ ಬರೋ ಮೊದಲ 12 ಲಕ್ಷ ಮಷೀನಿಗೆ ಶೇ. 20, ಅದಕ್ಕಿಂತ ಜಾಸ್ತಿ ಬಂದ್ರೆ ಶೇ. 50 ಸುಂಕ ಹಾಕ್ತು. ರೇಟು ಸುಮಾರು ಶೇ. 12 ಏರ್ತು, ಅದು ಬಿಡಿ, ಏರದೆ ಇನ್ನೇನು. ಮಜಾ ಇರೋದು ಪಕ್ಕದಲ್ಲಿ ನಿಂತಿದ್ದ, ಒಗೆದ ಬಟ್ಟೆ ಒಣಗಿಸೋ ಡ್ರೈಯರ್‌ದು. ಅದಕ್ಕೆ ಒಂದು ಪೈಸೆ ಹೊಸ ಸುಂಕ ಇರಲಿಲ್ಲ, ಆದ್ರೂ ಹೆಚ್ಚುಕಡಿಮೆ ಅಷ್ಟೇ ಏರ್ತು! ಜನ ಎರಡನ್ನೂ ಜೋಡಿಯಾಗಿ ತಗೋತಾರಲ್ಲ, ಏರಿಸಿದ್ದನ್ನ ಎರಡಕ್ಕೂ ಹಂಚಿಬಿಟ್ರೆ ಕಣ್ಣಿಗೆ ಹೊಡೆಯಲ್ಲ. ಸುಂಕದ ಬಿಸಿ ತಟ್ಟದ ಕಂಪ್ನಿಗಳೂ, ಎದುರಾಳಿ ಏರಿಸಿದಾನೆ ನಾವ್ಯಾಕೆ ಸುಮ್ನಿರ್ಬೇಕು ಅಂತ ಏರಿಸಿದ್ವು.

ಹೋಗ್ಲಿ, ನಾಲ್ಕು ಜನಕ್ಕೆ ಕೆಲಸನಾದ್ರೂ ಸಿಕ್ತಲ್ಲ ಅಂತೀರಾ? ಸಿಕ್ತು, ಸುಮಾರು 1,800 ಜನಕ್ಕೆ. ಆದ್ರೆ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದ್ರೆ ಗ್ರಾಹಕರ ಜೇಬಿಂದ ವರ್ಷಕ್ಕೆ ಹೋಗಿದ್ದು ಸುಮಾರು 150 ಕೋಟಿ ಡಾಲರ್, ಬೊಕ್ಕಸಕ್ಕೆ ಬಂದಿದ್ದನ್ನ ಕಳೆದ್ರೂ ಒಂದೊಂದು ಕೆಲಸಕ್ಕೆ 8 ಲಕ್ಷ ಡಾಲರ್ ಆಸುಪಾಸು. ಅದರಲ್ಲಿ ಅರ್ಧ ದುಡ್ಡು ಆ ಕೆಲಸ ಸಿಕ್ಕೋರ ಕೈಗೇ ಕೊಟ್ಟು "ಮನೇಲಿ ಆರಾಮಾಗಿರಿ ಸ್ವಾಮಿ, ನಿಮ್ಮ ಬಟ್ಟೆನೂ ನಾವೇ ಒಗೆದು ಕೊಡ್ತೀವಿ" ಅಂದಿದ್ರೂ ಜನಕ್ಕೆ ಲಾಭಾನೇ ಇತ್ತು.

ಇನ್ನು ಈ ಸುಂಕ ಅನ್ನೋದು ಒಂದ್ಸಲ ಒಳಗೆ ಬಂದು ಕೂತ್ರೆ ಎದ್ದು ಹೋಗೋದು ಕಷ್ಟ. ಯುರೋಪಿನೋರು ಅಮೆರಿಕದ ಕೋಳಿಗೆ ಸುಂಕ ಹಾಕಿದ್ರು ಅನ್ನೋ ಸಿಟ್ಟಿಗೆ ಅಮೆರಿಕ 1964ರಿಂದ ಆಮದು ಆಗೋ ಸಣ್ಣ ಟ್ರಕ್ಕಿಗೆ ಶೇ. 25 ಹಾಕ್ತು (ಕೋಳಿಗೂ ಟ್ರಕ್ಕಿಗೂ ಏನು ಸಂಬಂಧ ಅಂತ ಕೇಳ್ಬೇಡಿ). ಜಗಳ ಆಡಿದೋರೂ ಹೋದ್ರು, ಕೋಳಿನೂ ಹೋಯ್ತು, ಟ್ರಕ್ ಸುಂಕ ಮಾತ್ರ ಗಟ್ಟಿ. ಅದನ್ನ ತಪ್ಪಿಸೋಕೆ ಫೋರ್ಡ್ ಕಂಪ್ನಿ ಟರ್ಕಿಯಿಂದ ವ್ಯಾನ್ ತರುವಾಗ ಹಿಂದೆ ಸೀಟು ಕೂರಿಸಿ, ಇದು ಜನ ಕೂರೋ ಗಾಡಿ ಅಂತ ಬರೀ ಶೇ. 2.5 ಕಟ್ಟಿ, ಅಮೆರಿಕದಲ್ಲಿ ಇಳಿಸಿದ್ಮೇಲೆ ಅದೇ ಸೀಟನ್ನ ಕಿತ್ತು ಸರಕು ಗಾಡಿ ಮಾಡ್ತಿತ್ತು. ಸೀಟು ಮಾಡೋ ಖರ್ಚು, ಸಮುದ್ರ ದಾಟಿಸೋ ಖರ್ಚು, ಕೀಳೋ ಕೂಲಿ, ಎಲ್ಲಾ ಸೇರಿದ್ರೂ ಸುಂಕಕ್ಕಿಂತ ಅಗ್ಗ! ಕೊನೆಗೆ 2024ರಲ್ಲಿ ಸರ್ಕಾರಕ್ಕೆ 36.5 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸ್ಕೊಂಡ್ರು, ಒಬ್ಬ ಪ್ಯಾಸೆಂಜರ್ರೂ ಕೂರದ ಸೀಟುಗಳಿಗೆ.