ಎಲಿನಾರ್ ಆಸ್ಟ್ರಮ್ ಹೇಳಿದ್ದು ಅದಲ್ಲ

ಜಾಗತಿಕ ಹವಾಮಾನ ಒಪ್ಪಂದಗಳಿಂದ ಪ್ರಯೋಜನವಿಲ್ಲ, ಊರುಗಳೂ ನಗರಗಳೂ ತಮ್ಮ ಪಾಡಿಗೆ ಕೆಲಸ ಮಾಡಿದರೆ ಸಾಕು ಎಂಬುದನ್ನು ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಅವರ ಸಂಶೋಧನೆ ತೋರಿಸಿಕೊಟ್ಟಿದೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪಲಾರೆ. ಅರ್ಥಶಾಸ್ತ್ರದ ನೊಬೆಲ್ ಬಂದ 2009ರಲ್ಲೇ ವಿಶ್ವಬ್ಯಾಂಕಿಗಾಗಿ ಸಿದ್ಧಪಡಿಸಿದ ಪ್ರಬಂಧದಲ್ಲಿ ಅವರು ಹೇಳಿದ್ದು, ಜಾಗತಿಕ ಒಪ್ಪಂದವೊಂದನ್ನೇ ಕಾಯುತ್ತ ಕೂರಬಾರದು, ಮನೆ, ನಗರ, ರಾಜ್ಯ, ದೇಶ ಹೀಗೆ ಹಲವು ಹಂತಗಳಲ್ಲಿ ಏಕಕಾಲಕ್ಕೆ ಪ್ರಯತ್ನ ನಡೆಯಬೇಕು ಎಂದು. ಒಪ್ಪಂದವೇ ಬೇಡ ಎಂದಲ್ಲ.

ಅವರು ಬಳಸಿದ ಒಂದು ಉದಾಹರಣೆಯನ್ನೇ ನೋಡೋಣ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ, ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿಗೆ ಮೇವು ಒದಗಿಸಬಲ್ಲನೋ ಅದಕ್ಕಿಂತ ಒಂದೇ ಒಂದು ಹೆಚ್ಚಿನ ಹಸುವನ್ನೂ ಯಾರೂ ಬೇಸಿಗೆಯಲ್ಲಿ ಊರೊಟ್ಟಿನ ಹುಲ್ಲುಗಾವಲಿಗೆ ಹೊಡೆಯಬಾರದೆಂಬ ಕಟ್ಟಳೆ 1517ರಿಂದಲೇ ಇತ್ತು. ಬೆಟ್ಟಕ್ಕೆ ಹೋದ ಹಸುಗಳನ್ನು ಕೂಡಲೇ ಎಣಿಸುತ್ತಿದ್ದರು, ಮೀರಿದವರಿಗೆ ದಂಡ ಬೀಳುತ್ತಿತ್ತು. ನಿಯಮ ಬಾಳಿದ್ದು ಈ ಎಣಿಕೆಯ ಬಲದಿಂದ ಎಂಬುದು ನನ್ನ ತಿಳುವಳಿಕೆ.

ಇಂಗಾಲದ ಡೈಆಕ್ಸೈಡನ್ನು ನೆರೆಯವನು ಬೇಲಿಯಾಚೆ ನಿಂತು ಎಣಿಸಲಾರ. 2015ರ ಪ್ಯಾರಿಸ್ ಒಪ್ಪಂದದ 13ನೇ ವಿಧಿ ಪ್ರತಿಯೊಂದು ದೇಶವೂ ತನ್ನ ಹೊರಸೂಸುವಿಕೆಯ ಲೆಕ್ಕ ಒಪ್ಪಿಸಬೇಕೆಂದು ಹೇಳುವುದು ಈ ಕಾರಣಕ್ಕೇ ಮುಖ್ಯವಾಗುತ್ತದೆ. ಮಾತು ತಪ್ಪಿದ ದೇಶಕ್ಕೆ ದಂಡ ವಿಧಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ, ಅದು ದೊಡ್ಡ ಕೊರತೆಯೇ; ಆದರೆ ದೇಶಗಳಿಂದ ಲೆಕ್ಕ ಕೇಳುವ ಕೆಲಸವನ್ನು ಯಾವ ನಗರಸಭೆಯೂ ಮಾಡಲಾಗದು. ಲೇಖಕರು ಆ ಪ್ರಬಂಧವನ್ನು ಮತ್ತೊಮ್ಮೆ ಓದಿ, ತಮ್ಮ ವಾಕ್ಯವನ್ನು ದಯವಿಟ್ಟು ತಿದ್ದಬೇಕು.