ಶೀರ್ಷಿಕೆಯ ಜೊತೆ ಅಳಿಸಿಹೋದ ಒಂದು ಸಾಲು

ಪುಟ್ಟ ಕಂಪನಿಗಳು ಚಿಲ್ಲರೆ ದುಡ್ಡಿನಲ್ಲಿ ತೆಗೆದ ಹಾರರ್ ಸಿನಿಮಾಗಳ ಮಾತು ಬಂದಾಗಲೆಲ್ಲ ನಾವು ಅವುಗಳ ಬಡತನವನ್ನೇ ಹಾಡಿ ಹೊಗಳುತ್ತೇವೆ. ಆ ಹೊಗಳಿಕೆಯ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಹೇಳಲು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರವೇ ಸಾಕು.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದ ಜಾರ್ಜ್ ರೊಮೆರೊ ಮತ್ತು ಸಂಗಡಿಗರು, ಹತ್ತು ಮಂದಿ ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಎಂಬ ಕಂಪನಿ ಕಟ್ಟಿದರು. ಕೊನೆಗೆ ಚಿತ್ರಕ್ಕೆ ತಗುಲಿದ ಖರ್ಚು ಸುಮಾರು 1,14,000 ಡಾಲರ್. ಕೆಡವಲೆಂದೇ ಬಿಟ್ಟಿದ್ದ ಹಳೆಯ ತೋಟದ ಮನೆ ಬಾಡಿಗೆಗೆ ದೊರೆತದ್ದರಿಂದ, ಕಿಟಕಿ ಬಾಗಿಲುಗಳಿಗೆ ಹಲಗೆ ಜಡಿಯಲು ಯಾರಿಗೂ ಅಂಜಬೇಕಾಗಿರಲಿಲ್ಲ. ಕಪ್ಪು-ಬಿಳುಪು ಫಿಲ್ಮ್ ಆದ್ದರಿಂದ ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ಎದ್ದುಬಂದ ಹೆಣಗಳು ಕತ್ತಲಲ್ಲಿ ಕುಳಿತು ಮನುಷ್ಯರ ಮಾಂಸ ಹರಿದು ತಿನ್ನುವ ಆ ದೃಶ್ಯದಲ್ಲಿ ನಟರ ಬಾಯಿಗೆ ಹೋಗುತ್ತಿದ್ದದ್ದು ಅದೇ ಸಿರಪ್ ಸುರಿದ ಹಂದಿಮಾಂಸ. ಅದನ್ನು ತಿಳಿದುಕೊಂಡೇ ನೋಡಿದರೂ ಹೊಟ್ಟೆ ತೊಳಸುವುದು ನಿಲ್ಲುವುದಿಲ್ಲ. ಹಣ ಹಾಕಿದವರಲ್ಲೇ ಕೆಲವರು ಮೇಕಪ್ ಮಾಡಿದರು, ಕ್ಯಾಮೆರಾ ಮುಂದೆಯೂ ನಿಂತರು.

ಇಲ್ಲಿಯವರೆಗಿನದು ಎಲ್ಲರೂ ಪ್ರೀತಿಯಿಂದ ಹೇಳುವ ಕಥೆ. ನನ್ನ ತಕರಾರು ಇದರ ಮುಂದಿನ ಭಾಗದ್ದು. ಚಿತ್ರಕ್ಕೆ ಮೊದಲಿದ್ದ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ವಿತರಕರು ಅದನ್ನು ಬದಲಿಸಿ ಹೊಸ ಶೀರ್ಷಿಕೆ ಅಂಟಿಸುವಾಗ, ಹಳೆಯ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸಾಲೂ ಹೊರಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದೆ ಬಿಡುಗಡೆಯಾದ ಕೃತಿ ಸಾರ್ವಜನಿಕರ ಸೊತ್ತು. ಹಾಗಾಗಿ ಯಾವ ಟೀವಿ ವಾಹಿನಿಯಾದರೂ ಅದನ್ನು ತೋರಿಸಬಹುದಿತ್ತು, ಯಾವ ಕ್ಯಾಸೆಟ್ ವ್ಯಾಪಾರಿಯಾದರೂ ಮಾರಬಹುದಿತ್ತು, ಮಾಡಿದವರಿಗೆ ಕವಡೆ ಕಾಸನ್ನೂ ಕೊಡಬೇಕಾಗಿರಲಿಲ್ಲ. ಚಿತ್ರ ಮನೆಮನೆ ತಲುಪಿ, ಕಟ್ಟಾ ಅಭಿಮಾನಿಗಳ ಬಳಗವಿರುವ ‘ಕಲ್ಟ್’ ಚಿತ್ರ ಎನಿಸಿಕೊಳ್ಳಲು ಈ ಬೇವಾರಸು ಸ್ಥಿತಿಯ ಪಾಲು ದೊಡ್ಡದು. ಪ್ರೇಕ್ಷಕರ ಪ್ರೀತಿಯೊಂದೇ ಅದನ್ನು ಬೆಳೆಸಿತು ಎನ್ನುವವರು ಈ ಲೆಕ್ಕವನ್ನು ಮರೆಮಾಚುತ್ತಾರೆ ಎಂದೇ ನನ್ನ ಅನಿಸಿಕೆ. 1990ರಲ್ಲಿ ಅದೇ ಕಥೆ ಬಣ್ಣದಲ್ಲಿ ಮತ್ತೆ ತೆರೆಗೆ ಬಂದುದರ ಹಿಂದೆ, ಕೈತಪ್ಪಿದ ಹಣದಲ್ಲಿ ಸ್ವಲ್ಪವಾದರೂ ದಕ್ಕಲಿ ಎಂಬ ಆಸೆಯಿತ್ತು.

ಇದಕ್ಕೆ ಪ್ರತಿಯಾಗಿ ಕಡಿಮೆ ದುಡ್ಡಿನಲ್ಲಿ ಹಾರರ್ ಸಿನಿಮಾ ತೆಗೆಯುವ ನ್ಯೂಯಾರ್ಕಿನ ಟ್ರೋಮಾ ಕಂಪನಿಯನ್ನು ನೋಡಿ. ಲಾಯ್ಡ್ ಕೌಫ್‌ಮನ್ ಮತ್ತು ಮೈಕೆಲ್ ಹರ್ಜ್ 1974ರಲ್ಲಿ ಕಟ್ಟಿದ ಈ ಸಂಸ್ಥೆಯ ಅಭಿರುಚಿ ನನಗೆ ಅಷ್ಟಾಗಿ ಹಿಡಿಸದು. ಅಲ್ಲಿ ಲೋಳೆ, ಕಿರುಚಾಟ, ಪೋಲಿ ಹಾಸ್ಯ ಎಲ್ಲವೂ ಒಂದು ಹಿಡಿ ಜಾಸ್ತಿ. ಆದರೆ ಅವರು ವಿತರಣೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಐವತ್ತು ವರ್ಷ ಕಳೆದ ಮೇಲೂ ಆ ಅಂಗಡಿ ಬಾಗಿಲು ತೆರೆದಿದೆ.

ನಾನೂ ಸಾಚಾ ಅಲ್ಲ. ರೊಮೆರೊ ಚಿತ್ರವನ್ನು ಮೊದಲು ನೋಡಿದ್ದು ಪುಕ್ಕಟೆಯಾಗಿ, ಮುಖಗಳು ಹಿಟ್ಟು ಮೆತ್ತಿದಂತೆ ಕಾಣುವ, ಎಷ್ಟನೆಯದೋ ನಕಲಿನಲ್ಲಿ. ಆ ಮಸುಕೇ ಚಿತ್ರದ ಶೈಲಿ ಎಂದು ಬಹುಕಾಲ ನಂಬಿದ್ದೆ. ಮೂಲ ನೆಗೆಟಿವ್‌ನಿಂದ 2016ರಲ್ಲಿ ಸಿದ್ಧವಾದ ಪುನರುಜ್ಜೀವಿತ ಪ್ರತಿಯನ್ನು ನೋಡಿದಾಗ, ಹೆಣಗಳ ಗಲ್ಲದ ಮೇಲೆ ಸಿರಪ್ ಮಿಂಚುವುದು ಕೂಡ ಕಂಡಿತು. ಅದನ್ನು ಮಾತ್ರ ದುಡ್ಡು ಕೊಟ್ಟೇ ನೋಡಿದೆ.