ವ್ಯಾಪ್ ಹೋಗಿದ್ದು ಸರಿ, ಅದರ ಜಿಪುಣತನ ಉಳಿಯಬೇಕಿತ್ತು

ಈಗಿನ ವೆಬ್‌ಸೈಟ್ ಮಾಡುವವರನ್ನು ಒಂದು ಮಳೆಗಾಲ ಉತ್ತರ ಕನ್ನಡದ ದೇವಿಮನೆ ಘಟ್ಟದ ಆಸುಪಾಸಿನ ಹಳ್ಳಿಯಲ್ಲಿ ಕೂರಿಸಬೇಕು. ಇವತ್ತಿನ ಅಡಿಕೆ ದರ ಅಂದರೆ ನಾಲ್ಕಾರು ಅಂಕಿ, ಅಲ್ವಾ? ಅದನ್ನು ನೋಡಲು ಜಾಹೀರಾತು, ತಾನೇ ಓಡುವ ವಿಡಿಯೋ, ಕುಕೀ ಒಪ್ಪಿಗೆ ಎಲ್ಲ ಇಳಿಯುವ ತನಕ ಕಾಯಬೇಕು, ಅಷ್ಟರಲ್ಲಿ ಇದ್ದ ಒಂದು ಕಡ್ಡಿ ಸಿಗ್ನಲ್ಲೂ ಹೋಗಿರುತ್ತದೆ.

ಮೊದಮೊದಲು ಮೊಬೈಲಿಗೆ ಇಂಟರ್ನೆಟ್ ತರಲು ಹೊರಟವರ ಚಿಂತೆಯೇ ಬೇರೆ ಇತ್ತು: ಎಷ್ಟು ಕಡಿಮೆ ಇಳಿಸಿದರೆ ಸಾಕು ಅಂತ. 1997ರಲ್ಲಿ ನೋಕಿಯಾ, ಎರಿಕ್ಸನ್, ಮೊಟೊರೊಲಾ, ಅನ್‌ವೈರ್ಡ್ ಪ್ಲಾನೆಟ್ ಕಂಪನಿಗಳು ಸೇರಿ ವ್ಯಾಪ್ ಫೋರಂ ಕಟ್ಟಿದವು. ವ್ಯಾಪ್ ಅಂದರೆ ಆಗಿನ ಚಿಕ್ಕ ಫೋನುಗಳಿಗೆ ಇಂಟರ್ನೆಟ್ ತಲುಪಿಸುವ ನಿಯಮಗಳ ಕಟ್ಟು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಬದಲು ಫೋನಿಗೆಂದೇ ಡಬ್ಲ್ಯೂಎಂಎಲ್ ಅನ್ನುವ ಭಾಷೆ ಬಂತು. ಅದರಲ್ಲಿ ಪುಟ ಇಲ್ಲ, ಇಸ್ಪೀಟಿನ ಹಾಗೆ ಕಾರ್ಡು, ಕಾರ್ಡುಗಳ ಕಟ್ಟಿಗೆ ಡೆಕ್ಕು. ಡೆಕ್ ಪೂರ್ತಿ ಒಂದೇ ಸಲ ಇಳಿಯುತ್ತಿತ್ತು, ಆಮೇಲೆ ಅದರೊಳಗೆ ಕಾರ್ಡಿನಿಂದ ಕಾರ್ಡಿಗೆ ಹೋಗಲು ಮತ್ತೆ ನೆಟ್‌ವರ್ಕ್ ಬೇಕಾಗುತ್ತಿರಲಿಲ್ಲ. ಫೋನಿಗೂ ಇಂಟರ್ನೆಟ್ಟಿಗೂ ಮಧ್ಯೆ ಗೇಟ್‌ವೇ ಅನ್ನುವ ಒಂದು ಕಂಪ್ಯೂಟರ್ ಕೂತು ಅಕ್ಷರಗಳನ್ನು ಬೈನರಿ ಮಾಡಿ ಇನ್ನಷ್ಟು ಕುಗ್ಗಿಸುತ್ತಿತ್ತು. ಚಿತ್ರ ಅಂದರೆ ಕಪ್ಪು-ಬಿಳಿ ಚುಕ್ಕಿ, ಅಷ್ಟೇ. ಎಂಥಾ ಜಿಪುಣತನ! ನನಗೆ ಇಷ್ಟವಾಗುವುದು ಇದೇ.

ಆದರೂ ವ್ಯಾಪ್ ಸೋತಿತು, ಸೋಲಲೇಬೇಕಿತ್ತು. ಒಂದೇ ವಿಷಯವನ್ನು ಎಚ್‌ಟಿಎಂಎಲ್, ಡಬ್ಲ್ಯೂಎಂಎಲ್ ಎರಡರಲ್ಲೂ ಬರೆದಿಡಲು ಯಾರಿಗೆ ಪುರುಸೊತ್ತು? ಶುರುವಿನಲ್ಲಿ ಫೋನ್ ಕರೆಯ ಹಾಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಬೇರೆ, ಓದುತ್ತಾ ಸುಮ್ನೆ ಕೂತರೂ ಬಿಲ್ ಏರುತ್ತಿತ್ತು. ಅದೇ ಹೊತ್ತಿಗೆ, 1999ರಲ್ಲಿ, ಜಪಾನಿನ ಮೊಬೈಲ್ ಕಂಪನಿ ಡೊಕೊಮೊ ಐ-ಮೋಡ್ ಅನ್ನುವ ಮೊಬೈಲ್ ಇಂಟರ್ನೆಟ್ ಸೇವೆ ತಂದಿತು. ಎಚ್‌ಟಿಎಂಎಲ್ಲನ್ನೇ ಕತ್ತರಿಸಿ ಚಿಕ್ಕದು ಮಾಡಿಕೊಂಡಿತು, ಎಷ್ಟು ಡೇಟಾ ಇಳಿಯಿತೋ ಅಷ್ಟಕ್ಕೆ ಮಾತ್ರ ದುಡ್ಡು ಹಾಕಿತು. ಅಲ್ಲಿನ ಜನ ಮುಗಿಬಿದ್ದರು. ಕೊನೆಗೆ 2002ರಲ್ಲಿ ವ್ಯಾಪ್ 2.0 ಕೂಡ ಎಚ್‌ಟಿಎಂಎಲ್ಲಿನದೇ ಒಂದು ರೂಪವಾದ ಎಕ್ಸ್‌ಎಚ್‌ಟಿಎಂಎಲ್ ಹಿಡಿದು ಅದೇ ದಾರಿಗೆ ಬಂತು.

ನಮ್ಮ ಕಡೆ ಜನರಿಗೆ ಇಂಟರ್ನೆಟ್ಟಿನ ರುಚಿ ಹತ್ತಿಸಿದ್ದು ಮಾತ್ರ ಒಪೆರಾ ಮಿನಿ ಅನ್ನುವ ಫೋನ್ ಬ್ರೌಸರ್ ಅಂತ ನನ್ನ ಅಭಿಪ್ರಾಯ. 2006ರಲ್ಲಿ ಅದು ಎಲ್ಲ ದೇಶಕ್ಕೂ ಸಿಕ್ಕಿತು. ಪುಟವನ್ನು ಮೊದಲು ಅವರ ಸರ್ವರ್ ತೆರೆದು, ಹಿಂಡಿ, ಸಾರ ಮಾತ್ರ ಫೋನಿಗೆ ಕಳಿಸುತ್ತಿತ್ತು. ಕನ್ನಡ ಬರೀ ಚೌಕ ಚೌಕ ಕಾಣುತ್ತಿತ್ತು, ನೆನಪಿದೆಯಾ? ವಿಳಾಸದ ಜಾಗದಲ್ಲಿ ಒಪೆರಾ:ಕಾನ್ಫಿಗ್ ಅಂತ ಇಂಗ್ಲಿಷಿನಲ್ಲಿ ಟೈಪಿಸಿ ಬಿಟ್‌ಮ್ಯಾಪ್ ಫಾಂಟ್ ಆನ್ ಮಾಡಿದರೆ ಸರ್ವರ್ರೇ ಕನ್ನಡ ಅಕ್ಷರಗಳ ಚಿತ್ರ ಮಾಡಿ ಕಳಿಸುತ್ತಿತ್ತು. ಈ ಗುಟ್ಟು ಬಾಯಿಂದ ಬಾಯಿಗೆ ಹಬ್ಬಿತು. (ನಾವು ನೋಡಿದ್ದೆಲ್ಲ ಅವರ ಸರ್ವರ್ ಮೂಲಕವೇ ಹಾದುಹೋಗುತ್ತಿತ್ತು, ಅದನ್ನು ಆಗ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.)

2007ರಲ್ಲಿ ಐಫೋನ್ ಬಂತು, ಕಂಪ್ಯೂಟರಿನ ವೆಬ್ಬೇ ಜೇಬಿಗೆ ಇಳಿಯಿತು. 2010ರಿಂದ ರೆಸ್ಪಾನ್ಸಿವ್ ಡಿಸೈನ್ ಮಾತು ಶುರುವಾಯಿತು. ಒಂದೇ ಪುಟ ಎಲ್ಲ ಪರದೆಗೂ ಹೊಂದಿಕೊಳ್ಳಬೇಕು ಅನ್ನುವುದು ಒಳ್ಳೆಯ ನಿರ್ಧಾರವೇ. ಆದರೆ ಹೊಂದಿಕೊಂಡಿದ್ದು ಅಗಲ ಮಾತ್ರ, ತೂಕ ಜಾಸ್ತಿಯಾಗುತ್ತಲೇ ಹೋಯಿತು. ಚಿಕ್ಕ ಪರದೆಯಲ್ಲಿ ಮರೆಮಾಡಿದ ಚಿತ್ರವೂ ಎಷ್ಟೋ ಕಡೆ ಹಿಂದಿನಿಂದ ಇಳಿದೇ ಇಳಿಯುತ್ತದೆ. ಬೆಂಗಳೂರಿನ ವೈಫೈಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ಜೋಯಿಡಾದಲ್ಲಿ ಗೊತ್ತಾಗುತ್ತದೆ.

ಅಡಿಕೆ ದರ, ಕಾರವಾರ ಬಸ್ಸಿನ ಸಮಯ, ಮಳೆಗೆ ನಾಳೆ ಶಾಲೆ ರಜೆಯೋ ಇಲ್ಲವೋ. ಇವೆಲ್ಲ ಒಂದೊಂದು ಸಾಲಿನ ಉತ್ತರಗಳು. ಇಂಥ ಪುಟ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಸಾಲನ್ನು ಮೊದಲು ಕಳಿಸಿ, ಜಾಹೀರಾತು ಆಮೇಲೆ ಬರಲಿ.